ಕಿಡಿ ಹುಟ್ಟಿತು, ಬೆಂಕಿ ಹತ್ತಲಿಲ್ಲ

ಸಾಲಿಗ್ರಾಮ ಎಂದೊಡನೆ ಅನೇಕರ ಮನಸ್ಸು ಉಡುಪಿಯ ಕಡೆಗೆ ಓಡುತ್ತದೆ. ನಾನು ಹೇಳಹೊರಟಿರುವುದು ಮೈಸೂರು ಜಿಲ್ಲೆಯ ಸಾಲಿಗ್ರಾಮ. ಕೃಷ್ಣರಾಜನಗರದ ನೆರೆಯ, ಕಾವೇರಿಯ ನೀರುಂಡು ಭತ್ತ ಬೆಳೆಯುವ ಸೀಮೆ. ಕಾಲೇಜಿನಲ್ಲಿ ಹಳಗನ್ನಡವನ್ನೂ ಛಂದಸ್ಸನ್ನೂ ಪಾಠ ಹೇಳಿ ನಿವೃತ್ತನಾಗಿ ಊರು ಸೇರಿದವನಿಗೆ ಎಂಜಿನ್ನಿನ ವಿಷಯ ಮಾತನಾಡುವ ಅಧಿಕಾರ ಎಲ್ಲಿಂದ ಬಂತೆಂದು ತಾವು ಕೇಳಬಹುದು. ಒಂದು ತಪ್ಪಿನಿಂದ ಬಂತು. ಆ ತಪ್ಪಿನ ಕಥೆಯನ್ನೇ ಇಂದು ಹೇಳುತ್ತೇನೆ.

ನಮ್ಮ ಗದ್ದೆ ನಾಲೆಯ ಕೊನೆಯಲ್ಲಿದೆ. ಕೊನೆಯವರಿಗೆ ನೀರು ಬರುವುದು ಮೊದಲಿನವರು ಉಂಡು ಕೈತೊಳೆದ ಮೇಲೆ. ಆಶ್ವಯುಜ ಮಾಸ, ಪೈರು ಹೊಡೆಗೆ ಬಂದಿತ್ತು. ತೆನೆ ಇನ್ನೂ ಗರಿಯ ಒಳಗೇ ಇದ್ದು ಹೊರಬರಲು ಕಾಯುವ ಆ ದಿನಗಳಲ್ಲಿ ಗದ್ದೆ ಬಿರಿದರೆ ಬಂದ ತೆನೆಯೆಲ್ಲ ಜೊಳ್ಳು. ನಾಲೆಯಲ್ಲಿ ನೀರು ನಿಂತಿತ್ತು. ಹಳ್ಳದ ಮಡುವಿನಲ್ಲಿ ನೀರಿತ್ತು, ದಡದ ಮೇಲೆ ಪೆಟ್ರೋಲಿನ ಸಣ್ಣ ಪಂಪ್‌ಸೆಟ್ಟೂ ಇತ್ತು. ಅದು ಮಿಸ್ಸಿಂಗ್ ಹೊಡೆಯುತ್ತಿತ್ತು.

ಈ ಜಾತಿಯ ಎಂಜಿನ್ನು ಲೋಕಸಂಚಾರಿ. ಥಾಯ್ಲೆಂಡಿನ ನದಿಗಳಲ್ಲಿ ಎಂಜಿನ್ನಿಗೆ ಉದ್ದನೆಯ ದಂಡವನ್ನು ಜೋಡಿಸಿ, ಅದರ ತುದಿಗೆ ಪಂಖ ಸಿಕ್ಕಿಸಿ, ದೋಣಿಯ ಹಿಂಬದಿಗೆ ಬಾಲದಂತೆ ಕಟ್ಟುತ್ತಾರೆ. ಅಮೆರಿಕದ ಲೂಯಿಸಿಯಾನಾದ ಜೌಗಿನಲ್ಲಿ ಕೆಸರನ್ನು ಸೀಳಿಕೊಂಡು ಹೋಗುವ ದೋಣಿಗಳಲ್ಲಿಯೂ ಇದರ ಬಂಧುಗಳೇ ದುಡಿಯುತ್ತವೆ. ಗಾಳಿಯಿಂದಲೇ ತಣಿಯುವ ಎಂಜಿನ್ನಾದುದರಿಂದ ಕೆಸರುನೀರನ್ನು ಒಳಗೆಳೆದುಕೊಂಡು ಕಟ್ಟಿಕೊಳ್ಳುವ ಭಯವಿಲ್ಲ. ನಮ್ಮ ಹಳ್ಳದ ದಡವಾಗಲಿ ಆ ಜೌಗಾಗಲಿ, ಈ ಯಂತ್ರಕ್ಕೆ ಬರುವ ರೋಗ ಬಹುಮಟ್ಟಿಗೆ ಒಂದೇ.

ಇದರ ಉಸಿರಾಟ ನಾಲ್ಕು ಪಾದದ್ದು: ಹೀರುವುದು, ಒತ್ತುವುದು, ಉರಿಯುವುದು, ಉಗುಳುವುದು. ೧೮೭೬ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ಎಂಬಾತ ಈ ಕ್ರಮದ ಎಂಜಿನ್ನನ್ನು ನಡೆಸಿ ತೋರಿಸಿದ. ಮೂರನೆಯ ಪಾದದಲ್ಲಿ ಮಾತ್ರ ಶಕ್ತಿ. ಉಳಿದ ಮೂರಕ್ಕೂ ಅದೇ ಅನ್ನದಾತ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಸೆಕೆಂಡಿಗೆ ಇಪ್ಪತ್ತೈದು ಸಲ ಬೆಂಕಿ ಹತ್ತಬೇಕು. ಅದರಲ್ಲಿ ಒಂದೆರಡು ತಪ್ಪಿದರೆ, ಷಟ್ಪದಿ ಓದುವಾಗ ಗಣ ತಪ್ಪಿದಂತೆ, ಕಿವಿಗೆ ಥಟ್ಟನೆ ಗೊತ್ತಾಗುತ್ತದೆ. ಅದೇ ಮಿಸ್ಸಿಂಗ್.

ಬೆಂಕಿ ಹತ್ತಲು ಮೂರು ಬೇಕು: ತಕ್ಕ ಪ್ರಮಾಣದ ಪೆಟ್ರೋಲು ಮತ್ತು ಗಾಳಿ, ಒತ್ತಡ, ಹೊತ್ತಿಗೆ ಸರಿಯಾದ ಕಿಡಿ. ಒತ್ತಡದ ಪರೀಕ್ಷೆ ಸುಲಭ. ಹಗ್ಗ ಎಳೆದಾಗ ಕೈಗೆ ಬಿಗಿ ತಾಗದಿದ್ದರೆ ವಾಲ್ವೋ ರಿಂಗೋ ಸವೆದಿದೆ ಎಂದರ್ಥ. ನಮ್ಮದರಲ್ಲಿ ಬಿಗಿ ಚೆನ್ನಾಗಿತ್ತು. ಉಳಿದದ್ದು ಎಣ್ಣೆ ಮತ್ತು ಕಿಡಿ.

ತಮ್ಮ ಹೇಳಿದ: “ಅಣ್ಣಯ್ಯ, ಸುಮ್ಮನೆ ಓಡುವಾಗ ಗುಂಡಗೆ ಓಡ್ತದೆ. ನೀರು ಎತ್ತೋಕೆ ಶುರುವಾಯ್ತು ಅಂದ್ರೆ ಮುಗ್ಗರಿಸ್ತದೆ.” ಇಡೀ ರೋಗದ ಕೀಲಿ ಆ ಮಾತಿನಲ್ಲಿತ್ತು, ನನಗೆ ಹೊಳೆಯಲಿಲ್ಲ.

ಮೊದಲು ಪ್ಲಗ್ಗನ್ನು ಬಿಚ್ಚಿದೆವು. ತುದಿ ಒದ್ದೆಯಾಗಿ ಪೆಟ್ರೋಲು ನಾರುತ್ತಿತ್ತು. ಹೊಸ ಪ್ಲಗ್ಗು ತಂದು, ಟೋಪಿ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು ಹಗ್ಗ ಎಳೆದೆವು. ಹೀಗೆ ಮಾಡುವಾಗ ಟ್ಯಾಂಕಿನ ಮುಚ್ಚಳ ಭದ್ರವಾಗಿರಬೇಕು, ಚೆಲ್ಲಿದ ಪೆಟ್ರೋಲು ಹತ್ತಿರ ಇರಕೂಡದು, ಮೀಸೆ ಕಳೆದುಕೊಂಡವರುಂಟು. ನೀಲಿಬಣ್ಣದ ಕಿಡಿ ಚಟಚಟನೆ ಹಾರಿತು. ಕಿಡಿ ಸರಿಯಾಗಿದೆ ಎಂದು ನಾನು ತೀರ್ಪು ಕೊಟ್ಟೆ.

ಅಷ್ಟಕ್ಕೇ ನಿಲ್ಲಿಸದೆ ಪಾಂಡಿತ್ಯಕ್ಕೂ ಕೈಹಾಕಿದೆ. ರೇಡಿಯೋದ ಹುಟ್ಟು ಕಿಡಿಯಿಂದಲೇ ಆದದ್ದು. ಹೈನ್ರಿಕ್ ಹರ್ಟ್ಸ್ ೧೮೮೦ರ ದಶಕದ ಕೊನೆಯಲ್ಲಿ ವಿದ್ಯುತ್ ಕಿಡಿ ಹಾರಿಸಿ ಅಲೆಗಳನ್ನು ಕಂಡುಹಿಡಿದ. ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಅಂಥ ಅಲೆಯಿಂದ ದೂರದ ಗಂಟೆಯನ್ನು ಬಾರಿಸಿ ತೋರಿಸಿದರು. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಪ್ರಸಾರ ಕೇಂದ್ರ ತೆರೆದ ಕಾಲಕ್ಕೆ ಕಿಡಿಯ ಪ್ರೇಷಕಗಳು ಹಳೆಯವಾಗಿ ಹೋಗಿದ್ದವು. ಆದರೆ ಪ್ರತಿಯೊಂದು ಪ್ಲಗ್ಗೂ ಇಂದಿಗೂ ಒಂದು ಪುಟ್ಟ ಪ್ರಸಾರ ಕೇಂದ್ರವೇ. ಹಳೆಯ ಟ್ರಾನ್ಸಿಸ್ಟರನ್ನು ಮಧ್ಯಮ ತರಂಗದಲ್ಲಿ, ಯಾವ ನಿಲಯವೂ ಸಿಗದ ಜಾಗಕ್ಕೆ ತಿರುಗಿಸಿ ಎಂಜಿನ್ನಿನ ಬಳಿ ಹಿಡಿದರೆ ಕಿಡಿಗಳ ಸದ್ದು ಜೀರುಂಡೆಯ ದನಿಯಂತೆ ಕೇಳುತ್ತದೆ. ಕಿಡಿ ತಪ್ಪಿದರೆ ಆ ದನಿಯೂ ಕಡಿಯಬೇಕು. ನಾನು ಟ್ರಾನ್ಸಿಸ್ಟರು ಹಿಡಿದು ಕುಳಿತೆ. ಎಂಜಿನ್ನು ಮುಗ್ಗರಿಸುತ್ತಿತ್ತು, ಜೀರುಂಡೆ ಎಡೆಬಿಡದೆ ಹಾಡುತ್ತಿತ್ತು. ಆದ್ದರಿಂದ ದೋಷ ಎಣ್ಣೆಯದು!

ಎಣ್ಣೆಯ ಮೇಲೆ ಅನುಮಾನಪಡಲು ಕಾರಣವೂ ಇತ್ತು. ಈಗಿನ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆಸುತ್ತಾರೆ. ಎಥನಾಲಿಗೆ ನೀರೆಂದರೆ ಪ್ರೀತಿ. ಗಾಳಿಯ ತೇವವನ್ನೂ ಕುಡಿಯುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತು ನೀರು ಹೆಚ್ಚಾದರೆ ಎರಡೂ ಸೇರಿ ತಳಕ್ಕೆ ಇಳಿಯಬಹುದು. ಎಂಜಿನ್ನು ಮೊದಲು ಹೀರುವುದು ಆ ತಳವನ್ನೇ. ಆದುದರಿಂದ ವರ್ಷಕ್ಕೆ ಎರಡು ಸಲ ಮಾತ್ರ ನಡೆಸುವ ಯಂತ್ರದಲ್ಲಿ ಎಣ್ಣೆ ಉಳಿಸಬಾರದು. ನಾವು ಉಳಿಸಿದ್ದೆವು. ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿದಾಗ ಎರಡು ಹನಿ ನೀರು ಮುತ್ತಿನಂತೆ ಉರುಳಾಡಿತು. ನನ್ನ ಸಂತೋಷಕ್ಕೆ ಪಾರವಿಲ್ಲ! ಜೆಟ್ಟನ್ನು ಊದಿ, ಫ್ಲೋಟನ್ನು ನೋಡಿ, ಜಾಲರಿ ತೊಳೆದು, ಹೊಸ ಪೆಟ್ರೋಲು ತುಂಬಿಸಿದೆವು. ಒಂದು ದಿನ ಕಳೆಯಿತು. ಎಂಜಿನ್ನು ಹಾಗೆಯೇ ಮುಗ್ಗರಿಸಿತು. ಕೊನೆಯ ಗದ್ದೆಯಲ್ಲಿ ಬೆರಳು ಹೋಗುವಷ್ಟು ಬಿರುಕು.

ಎಣ್ಣೆ ಸಾಲದ ಎಂಜಿನ್ನು ಕಾರ್ಬ್ಯುರೇಟರಿನ ಬಾಯಿಂದ ಸೀನುತ್ತದೆ. ಚೋಕನ್ನು ಅರ್ಧ ಎಳೆದರೆ ಚೇತರಿಸಿಕೊಳ್ಳುತ್ತದೆ. ಪ್ಲಗ್ಗು ಒಣಗಿ ಬಿಳುಪಾಗಿರುತ್ತದೆ. ನಮ್ಮದು ಸೀನಿರಲಿಲ್ಲ, ಚೋಕಿಗೆ ಇನ್ನಷ್ಟು ಕೆಟ್ಟಿತ್ತು, ಪ್ಲಗ್ಗು ಒದ್ದೆಯಾಗಿತ್ತು. ಒದ್ದೆ ಪ್ಲಗ್ಗೆಂದರೆ ಎಣ್ಣೆ ಬಂದಿದೆ, ಉರಿದಿಲ್ಲ. ಮೂರು ಸಾಕ್ಷಿಗಳು ಒಂದೇ ಮಾತು ಹೇಳುತ್ತಿದ್ದವು. ಟ್ರಾನ್ಸಿಸ್ಟರಿನ ಸಾಕ್ಷ್ಯವನ್ನು ನಾನೇ ತಂದಿದ್ದೆನಾದ್ದರಿಂದ ಅದೊಂದನ್ನೇ ನಂಬಿದ್ದೆ.

ಎರಡನೆಯ ದಿನ ಕತ್ತಲಾಗುವವರೆಗೂ ಹಠಹಿಡಿದು ನಡೆಸಿದೆವು. ಬುತ್ತಿ ತಂದಿದ್ದ ತಮ್ಮನ ಮಗಳು ದಡದ ಮೇಲೆ ನಿಂತು, “ದೊಡ್ಡಪ್ಪ, ಎಂಜಿನ್ ಮೇಲೆ ಮಿಣುಕುಹುಳ ಓಡಾಡ್ತಾ ಇದೆ” ಎಂದಳು.

ಮಿಣುಕುಹುಳವಲ್ಲ. ಪ್ಲಗ್ಗಿನ ಟೋಪಿಯಲ್ಲಿ ಕೂದಲೆಳೆಯಷ್ಟು ಬಿರುಕು; ಅದರ ಮೂಲಕ ನೀಲಿ ಕಿಡಿಯೊಂದು ನುಸುಳಿ ಎಂಜಿನ್ನಿನ ತಲೆಯ ಮೇಲೆ ಹರಿದಾಡುತ್ತಿತ್ತು. ಹಗಲಿನಲ್ಲಿ ಅದು ಕಾಣುವುದಿಲ್ಲ.

ಪ್ಲಗ್ಗಿನ ತುದಿಯಲ್ಲಿರುವ ಸಂದು ಸುಮಾರು ೦.೭ ಮಿಲಿಮೀಟರು. ಬಯಲು ಗಾಳಿಯಲ್ಲಿ ಅದನ್ನು ದಾಟುವುದು ಕಿಡಿಗೆ ಕಷ್ಟವಲ್ಲ. ಆದರೆ ಸಿಲಿಂಡರಿನೊಳಗೆ ಗಾಳಿ ಹಲವು ಪಟ್ಟು ಒತ್ತಲ್ಪಟ್ಟಿರುತ್ತದೆ. ಒತ್ತಿದಷ್ಟೂ ಅದನ್ನು ಭೇದಿಸಲು ಹೆಚ್ಚು ವೋಲ್ಟು ಬೇಕು, ಹತ್ತು ಸಾವಿರಕ್ಕೂ ಮೇಲೆ. ಎಂಜಿನ್ನು ಸುಮ್ಮನೆ ಓಡುವಾಗ ಒಳಗೆ ಬರುವ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಕಿಡಿ ತನ್ನ ದಾರಿಯಲ್ಲೇ ಹೋಗುತ್ತದೆ. ಪಂಪಿನ ಭಾರ ಬಿದ್ದು ಥ್ರಾಟಲ್ ತೆರೆದೊಡನೆ ಸಿಲಿಂಡರು ತುಂಬುತ್ತದೆ, ಒತ್ತಡ ಏರುತ್ತದೆ. ಆಗ ಪ್ಲಗ್ಗಿನ ಸಂದಿಗಿಂತ ಟೋಪಿಯ ಬಿರುಕೇ ಸುಗಮವಾಗುತ್ತದೆ. ಬಿರುಕಿನಲ್ಲಿ ತೇವ, ಧೂಳು ಕೂತಿದ್ದರೆ ಕೇಳುವುದೇ ಬೇಡ. ಒಮ್ಮೆ ಹರಿದ ಜಾಡು ಕರಿಯಾಗಿ, ಮುಂದಿನ ಕಿಡಿಗೆ ರಾಜಮಾರ್ಗವಾಗುತ್ತದೆ. ನಾವು ಹೊರಗೆ ಕಂಡ ನೀಲಿ ಕಿಡಿ ಸುಳ್ಳಾಗಿರಲಿಲ್ಲ. ಪರೀಕ್ಷೆ ಮಾತ್ರ ಸುಲಭದ್ದಾಗಿತ್ತು. ಟ್ರಾನ್ಸಿಸ್ಟರೂ ಸುಳ್ಳು ಹೇಳಿರಲಿಲ್ಲ. ದಾರಿ ತಪ್ಪಿದ ಕಿಡಿಯೂ ಅಲೆ ಎಬ್ಬಿಸುತ್ತದೆ. ಕಿಡಿ ಹುಟ್ಟಿತೇ ಎಂಬುದಕ್ಕೆ ಅದು ಉತ್ತರ ಕೊಟ್ಟಿತು. ಎಲ್ಲಿಗೆ ಹೋಯಿತು ಎಂಬುದನ್ನು ನಾನು ಕೇಳಿರಲಿಲ್ಲ.

ಮಾರನೆಯ ದಿನ ಎಂಜಿನ್ನು ನಿಲ್ಲಿಸಿಟ್ಟು, ತಂತಿಯ ತುದಿಯನ್ನು ಅರ್ಧ ಅಂಗುಲ ಕತ್ತರಿಸಿ, ಹೊಸ ಟೋಪಿಯನ್ನು ಬಿಗಿಯಾಗಿ ತಿರುಗಿಸಿ ಕೂರಿಸಿದೆವು. ಟೋಪಿಯ ಬೆಲೆ ನಾನು ಹೊಸ ಪ್ಲಗ್ಗಿಗೆ ಕೊಟ್ಟದ್ದಕ್ಕಿಂತ ಕಡಿಮೆ. ತೇವದಲ್ಲಿ ದುಡಿಯುವ ಎಂಜಿನ್ನಿನ ಈ ಟೋಪಿಯನ್ನು ತಾವು ಮೊದಲು ನೋಡಿ. ನೋಡುವುದಾದರೆ ಕತ್ತಲಲ್ಲಿ ನೋಡಿ, ಮುಟ್ಟಬೇಡಿ. ಮಲ್ಪೆ, ಗಂಗೊಳ್ಳಿಯ ಕಡಲಿನಲ್ಲಿ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡು ಹೋಗುವ ನಾಡದೋಣಿಯವರಿಗೆ ಉಪ್ಪುನೀರಿನ ಕಾಟವೂ ಸೇರುತ್ತದೆ. ಅಲ್ಲಿ ಎಂಜಿನ್ನು ಮುಗ್ಗರಿಸಿದರೆ ಕೆಡುವುದು ಒಂದು ಗದ್ದೆಯಲ್ಲ.

ಹಗ್ಗದ ಎರಡನೆಯ ಎಳೆತಕ್ಕೆ ಎಂಜಿನ್ನು ಹೊತ್ತಿಕೊಂಡಿತು. ನೀರೆತ್ತತೊಡಗಿದ ಮೇಲೂ ಲಯ ಕೆಡಲಿಲ್ಲ. ಮೇಲಿನ ಎರಡು ಗದ್ದೆ ಸಂಜೆಯೊಳಗೆ ತುಂಬಿದವು. ಕೊನೆಯ ಗದ್ದೆಗೆ ನೀರು ಮುಟ್ಟುವ ಹೊತ್ತಿಗೆ ರಾತ್ರಿಯಾಗಿತ್ತು. ಬಿರುಕುಗಳು ಮೊದಲ ಒಂದು ಗಂಟೆ ಬಂದ ನೀರನ್ನೆಲ್ಲ ಸದ್ದಿಲ್ಲದೆ ಕುಡಿದವು. ಸುಗ್ಗಿಯಲ್ಲಿ ಆ ಗದ್ದೆಯ ಭತ್ತವನ್ನು ತೂರಿದಾಗ ಅರ್ಧಕ್ಕರ್ಧ ಜೊಳ್ಳು ಹಾರಿಹೋಯಿತು. ತಮ್ಮ ನನಗೆ ಏನೂ ಅನ್ನಲಿಲ್ಲ. ಟ್ರಾನ್ಸಿಸ್ಟರನ್ನು ಮಾತ್ರ ಮನೆಗೆ ಒಯ್ದು ಅಟ್ಟದ ಮೇಲೆ ಇಟ್ಟ.