ಅವರೆ ಫ್ರೀಜರ್ ಸೇರುವ ಮುನ್ನ

ಸಂಕ್ರಾಂತಿಯ ಹೊತ್ತಿಗೆ ಅಬ್ಬಿಗೆರೆ, ಜಾಲಹಳ್ಳಿ, ಯಲಹಂಕದ ಬೀದಿಗಳಲ್ಲಿ ಅವರೆಕಾಯಿ ರಾಶಿ ಬೀಳುತ್ತದೆ. ಸುಗ್ಗಿ ಮುಗಿದರೂ ಹಿತಕಿದ ಬೇಳೆ ಸಾರು ಬೇಕೆನ್ನುವವರು ಕಾಳನ್ನು ಹಸಿಯಾಗಿಯೇ ಕವರಿಗೆ ತುಂಬಿ ಫ್ರೀಜರಿಗೆ ತಳ್ಳುತ್ತಾರೆ. ಅದಕ್ಕೂ ಮೊದಲು ಎರಡು ಮೂರು ನಿಮಿಷ ಕುದಿನೀರು ಕಾಣಿಸದಿದ್ದರೆ ಸುಲಿದ ಶ್ರಮ ಅರ್ಧ ವ್ಯರ್ಥ ಎನ್ನುವುದು ನನ್ನ ವಾದ. ಕಿತ್ತ ಮೇಲೂ ಕಾಳಿನೊಳಗಿನ ಕಿಣ್ವಗಳು ಸುಮ್ಮನಿರುವುದಿಲ್ಲ. ಮೈನಸ್ 18 ಡಿಗ್ರಿಯ ಚಳಿಗೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಕಿಣ್ವಗಳು ಮಾತ್ರ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಕೆಲವು ತಿಂಗಳಲ್ಲಿ ಹಸಿರು ಮಾಸಿ, ಒಣಹುಲ್ಲಿನಂಥ ವಾಸನೆ ಬರುವುದು ಅವುಗಳಿಂದಲೇ. ಕುದಿನೀರು ಕಿಣ್ವಗಳನ್ನು ಕೆಡಿಸುತ್ತದೆ. ಕೂಡಲೇ ತಣ್ಣೀರಿಗೆ ಸುರಿದರೆ ಕಾಳು ಬೇಯುವುದು ಅಲ್ಲಿಗೇ ನಿಲ್ಲುತ್ತದೆ. ಸಿಪ್ಪೆ ಜಾರುವುದೂ ಸಲೀಸು. ಆಮೇಲೆ ಬಟ್ಟೆಯ ಮೇಲೆ ಆರಿಸಿ, ತಟ್ಟೆಯಲ್ಲಿ ಹರಡಿ ಗಟ್ಟಿಯಾಗಿಸಿ, ಒಂದು ಹೊತ್ತಿನ ಸಾರಿಗೆ ಸಾಕಾಗುವಷ್ಟನ್ನೇ ಒಂದೊಂದು ಕವರಿಗೆ ಹಾಕಬೇಕು. ಮನೆಯಲ್ಲಿ ಬೆಳೆದ ಸ್ವೀಟ್ ಕಾರ್ನಿಗೂ ಇದೇ ಕ್ರಮ, ಆದರೆ ಅಲ್ಲಿ ಅವಸರ ಹೆಚ್ಚು: ತೆನೆ ಮುರಿದ ಗಳಿಗೆಯಿಂದಲೇ ಸಕ್ಕರೆ ಪಿಷ್ಟವಾಗತೊಡಗುತ್ತದೆ.

ವರ್ಷವಿಡೀ ಅವರೆ ಬೆಳೆಯಬಹುದಾದ ಕಾಲದಲ್ಲಿ ಈ ತಾಪತ್ರಯ ಏಕೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಾಟಿ ಅವರೆ ಹಗಲು ಕುಗ್ಗಿದಾಗ ಹೂ ಬಿಡುವ ಬೆಳೆ. ಮುಂಗಾರಿನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ ಬಿತ್ತಿದರೂ ಕಾಯಿ ಚಳಿಗಾಲಕ್ಕೇ. ಆ ಹಂಗು ತಪ್ಪಿಸಿದ್ದು ಇಲ್ಲೇ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯ. ಅದರ ಎಚ್‌ಎ-3, ಎಚ್‌ಎ-4 ತಳಿಗಳಿಗೆ ಹಗಲಿನ ಉದ್ದದ ಲೆಕ್ಕವಿಲ್ಲ. ಆದರೂ ಬೇಸಿಗೆಯ ಕಾಯಿಗೆ ಚಳಿಗಾಲದ ಸೊಗಡಿಲ್ಲ ಎಂದು ಮೂಗು ಮುರಿಯುವವರೇ ಹೆಚ್ಚು. ಇಲ್ಲಿ ಫ್ರೀಜರಿನ ಪರವಾಗಿ ಸುಳ್ಳು ಹೇಳಬಾರದು: ಸೊಗಡಿನ ಬಹುಪಾಲು ಇರುವುದು ಕಾಯಿಯ ಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಟಿನಲ್ಲಿ, ಅದು ಸಿಪ್ಪೆಯ ಜೊತೆಗೇ ಕಸದ ಬುಟ್ಟಿ ಸೇರುತ್ತದೆ. ಉಳಿಸಿಕೊಳ್ಳಬಹುದಾದದ್ದು ಎಳೆಗಾಳಿನ ಸಿಹಿ ಮತ್ತು ಮೆದುತನ. ಹಿರಿಯರಂತೆ ಒಣಗಿಸಿಟ್ಟರೆ ಕರೆಂಟೇ ಬೇಡವಲ್ಲ ಎನ್ನುವವರಿಗೂ ಇದೇ ಉತ್ತರ. ಒಣಗಿದ ಅವರೆ ಒಳ್ಳೆಯ ಬೇಳೆ, ಆದರೆ ಅದರಲ್ಲಿ ಆ ಎಳೆತನ ಸಿಗದು.

ಕುದಿನೀರಿನಲ್ಲಿ ಸಿ ವಿಟಮಿನ್ ಒಂದಿಷ್ಟು ಹೋಗುವುದು ನಿಜ. ಸಾರು ಕುದಿಸುವಾಗಲೂ ಹೋಗುತ್ತದೆ; ಅವರೆಯನ್ನು ಯಾರೂ ಸಿ ವಿಟಮಿನ್‌ಗಾಗಿ ತಿನ್ನುವುದಿಲ್ಲ, ಪ್ರೋಟೀನಿಗೂ ನಾರಿಗೂ ಅಷ್ಟು ಧಕ್ಕೆಯಿಲ್ಲ. ಇನ್ನು ಕರೆಂಟ್ ಹೋಗುವ ಭಯ. ಒತ್ತಾಗಿ ತುಂಬಿದ ಫ್ರೀಜರಿನ ಬಾಗಿಲು ತೆಗೆಯದಿದ್ದರೆ ಕೆಲವು ಗಂಟೆಗಳ ಕಡಿತದಿಂದ ಏನೂ ಆಗುವುದಿಲ್ಲ. ಪೂರ್ತಿ ಕರಗಿಹೋದ ಕಾಳನ್ನು ಮಾತ್ರ ಮತ್ತೆ ಗಟ್ಟಿಯಾಗಿಸಲು ಹೋಗದೆ ಅಂದೇ ಬೇಯಿಸಿಬಿಡಬೇಕು.