ಸೈಟು ನೋಡಲು ಆಶ್ಲೇಷ ಮಳೆಯೇ ಸರಿ

ದಾಂಡೇಲಿ ಬಳಿಯ ಕೋಗಿಲಬನದ ಕಡೆ ಸೈಟು ನೋಡಲು ಜನ ಹೊರಡುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಆಗ ನೆಲ ಒಣಗಿರುತ್ತದೆ, ಕಾರು ಒಳಗಿನವರೆಗೂ ಹೋಗುತ್ತದೆ, ಕಾಲಿಗೆ ಕೆಸರು ಹತ್ತುವುದಿಲ್ಲ. ಅದೇ ಜಾಗವನ್ನು ಜುಲೈ ಕೊನೆಯ ಪುಷ್ಯ ಮಳೆಯಲ್ಲೋ ಆಗಸ್ಟಿನ ಆಶ್ಲೇಷ ಮಳೆಯಲ್ಲೋ ನೋಡಿದರೆ ನಿಜರೂಪ ಕಾಣುತ್ತದೆ. ಮನೆ ನಿಲ್ಲುವುದು ಏಪ್ರಿಲಿನ ಮಣ್ಣಿನ ಮೇಲಷ್ಟೇ ಅಲ್ಲ, ಆಗಸ್ಟಿನ ಮಣ್ಣಿನ ಮೇಲೂ ನಿಲ್ಲಬೇಕು.

ನೀರು ಮಣ್ಣಿನ ಬಲವನ್ನು ಹೇಗೆ ಕಸಿಯುತ್ತದೆ? ಬಾವಿಯೊಳಗೆ ಮುಳುಗಿದ ಕೊಡ ಹಗುರ, ಮೇಲೆ ಬಂದ ಕೂಡಲೇ ಭಾರ. ಅಂತರ್ಜಲ ಏರಿದಾಗ ಮಣ್ಣಿನ ಕಣಗಳೂ ಹೀಗೆಯೇ ಹಗುರಾಗುತ್ತವೆ. ಒಂದನ್ನೊಂದು ಒತ್ತಿ ಹಿಡಿದ ಬಿಗಿ ಸಡಿಲಾಗುತ್ತದೆ. ಮರಳು ಮಿಶ್ರಿತ ನೆಲದಲ್ಲಿ ಪಾಯದ ತಳದವರೆಗೆ ನೀರು ಬಂದರೆ, ಆ ನೆಲ ಭಾರ ಹೊರುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಜೇಡಿಯಲ್ಲಿ ಕಾಟ ಬೇರೆ ರೀತಿಯದು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಮನೆ ಕಟ್ಟುವವರಿಗೆ ಮುಖ್ಯವಾಗಿ ಮೂರು ಬಗೆಯ ನೆಲ ಎದುರಾಗುತ್ತದೆ.

ಮೊದಲನೆಯದು ಕೆಂಪು ಗರಸು ಮತ್ತು ಜಂಬಿಟ್ಟಿಗೆ. ಗಟ್ಟಿ ಜಂಬಿಟ್ಟಿಗೆ ಮನೆಗೆ ಒಳ್ಳೆಯ ತಳ. ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವುದು ಇದರ ಗುಣ. ಆದರೆ ಮೇಲಿನ ಗಟ್ಟಿ ಪದರ ನೋಡಿ ಮೋಸ ಹೋಗಬಾರದು. ಅದರಡಿ ಎಷ್ಟೋ ಕಡೆ ಬೆಣ್ಣೆಯಂಥ ಶೇಡಿ ಮಣ್ಣು ಇರುತ್ತದೆ. ಜಂಬಿಟ್ಟಿಗೆಯ ತೂತುಗಳಿಂದ ಸರಾಗವಾಗಿ ಇಳಿದ ಮಳೆನೀರು ಶೇಡಿಯ ಮೇಲೆ ಬಂದು ತಡೆಯುತ್ತದೆ, ಆಮೇಲೆ ಪಕ್ಕಕ್ಕೆ ದಾರಿ ಹುಡುಕುತ್ತದೆ. ಜೋಯಿಡಾದಂಥ ಗುಡ್ಡದ ಊರಿನಲ್ಲಿ ಧರೆ ಕಡಿದು ಸೈಟು ಮಟ್ಟ ಮಾಡಿದಾಗ ಈ ಎರಡು ಪದರಗಳ ಸಂದು ತೆರೆದುಕೊಳ್ಳುವ ಅಪಾಯವಿದೆ. ಮಳೆಗಾಲದಲ್ಲಿ ಧರೆಯ ಬುಡದಲ್ಲಿ ಒರತೆ ಎದ್ದು, ಬಿಳಿ ಮಣ್ಣಿನ ಕದಡು ನೀರು ಹರಿದರೆ ಅಲ್ಲಿ ಮನೆಯ ಬೆನ್ನು ತಾಗಿಸಬೇಡಿ. 2021ರ ಜುಲೈನಲ್ಲಿ ಪಕ್ಕದ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಭಾರಿ ಮಳೆಗೆ ಗುಡ್ಡವೇ ಜಾರಿ ಮನೆ, ತೋಟ, ರಸ್ತೆಗಳು ಹಾಳಾದವು. ಧರೆಗೆ ತಡೆಗೋಡೆ ಕಟ್ಟುವುದಾದರೆ ನೀರು ಹೊರಬರಲು ಅಲ್ಲಲ್ಲಿ ಪೈಪು ಬಿಡಲೇಬೇಕು. ಹಿಂದೆ ನಿಂತ ನೀರಿನ ಒತ್ತಡಕ್ಕೆ ಎಂಥ ಗೋಡೆಯೂ ಹೊಟ್ಟೆ ಬಿಡುತ್ತದೆ.

ಎರಡನೆಯದು ಎರೆ ಮಣ್ಣು. ಹಳಿಯಾಳ, ಮುಂಡಗೋಡದಿಂದ ಬಯಲುಸೀಮೆಯತ್ತ ಸರಿದಂತೆ ಕಪ್ಪು ನೆಲ ಅಲ್ಲಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಅಂಟು. ಇದರ ಉಬ್ಬುವ ಗುಣವನ್ನು ಅಂದಾಜು ಮಾಡಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಣ್ಣನ್ನು ಒಣಗಿಸಿ, ಕುಟ್ಟಿ, ನುಣ್ಣಗೆ ಜರಡಿ ಹಿಡಿಯಿರಿ. ಅಳತೆ ಗುರುತಿರುವ ಎರಡು ಗಾಜಿನ ಕೊಳವೆಗಳಿಗೆ 10 ಗ್ರಾಂನಂತೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ ತುಂಬಿ ಕಲಕಿ, ಒಂದು ದಿನ ಮುಟ್ಟದೆ ಬಿಡಿ. ಚಿಮಣಿ ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎಣ್ಣೆಯಲ್ಲಿ 10 ಮಿ.ಲೀ. ಗುರುತಿಗೆ ಕೂತ ಮಣ್ಣು ನೀರಿನಲ್ಲಿ 15ಕ್ಕೆ ಏರಿದ್ದರೆ ಉಬ್ಬು ಶೇ. 50. ಅದಕ್ಕಿಂತ ಮೇಲಾದರೆ ಎಚ್ಚರ ಬೇಕು. ಶೇ. 100 ದಾಟಿದರೆ ಎಂಜಿನಿಯರ್ ಇಲ್ಲದೆ ಗುದ್ದಲಿ ಹಾಕಬೇಡಿ.

ಎರೆ ತೆಳ್ಳಗಿದ್ದರೆ ಅದನ್ನು ದಾಟಿ ಗರಸಿನ ಮೇಲೆ ಪಾಯ ಕೂರಿಸಬಹುದು. ಆಳವಾಗಿದ್ದರೆ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಪೈಲ್‌ಗಳೇ ಗತಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ವಿಧಾನವಿದು. ಆಳದ ಎರೆಯಲ್ಲಿ ಇವು ಕನಿಷ್ಠ 3.5 ಮೀಟರ್ ಇಳಿಯಬೇಕು. ಮೇಲಿನ ಮಣ್ಣು ಉಬ್ಬಲಿ, ಕುಗ್ಗಲಿ, ಗಡ್ಡೆ ಕೂತ ಆಳದಲ್ಲಿ ತೇವ ಅಷ್ಟಾಗಿ ಬದಲಾಗುವುದಿಲ್ಲ.

ಮೂರನೆಯದು ತುಂಬಿದ ಗದ್ದೆ. ಮೇಲೆ ನಾಲ್ಕಡಿ ಕೆಂಪುಮಣ್ಣು, ಕೆಳಗೆ ಹಳೆಯ ಗದ್ದೆಯ ಕೆಸರು. ಲಾರಿಯಿಂದ ಸುರಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಅದೂ ಒಂದು ಮೂಲೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಗೋಡೆಯಲ್ಲಿ ಓರೆ ಬಿರುಕು ಹುಟ್ಟುವುದು ಈ ಏರುಪೇರಿನಿಂದ. ಇಲ್ಲಿ ಪಾಯ ತುಂಬಿದ ಮಣ್ಣನ್ನೂ ಕೆಸರನ್ನೂ ದಾಟಿ ಗಟ್ಟಿ ನೆಲ ಮುಟ್ಟಬೇಕು. ಕಾಳಿ ನದಿ ದಂಡೆಯ ಜಾಗವಾದರೆ ನೆರೆಯ ಲೆಕ್ಕವೂ ಸೇರುತ್ತದೆ. 2019ರ ಆಗಸ್ಟಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಸುತ್ತಲಿನವರನ್ನು ಕೇಳಿ.

ನೆಲ ಯಾವುದೇ ಇರಲಿ, ಕೊಳ್ಳುವ ಮೊದಲು ಆಳೆತ್ತರದ ಒಂದು ಗುಂಡಿ ತೋಡಿಸಿ ನೋಡಿ. ಪದರಗಳು ಬಣ್ಣದಿಂದಲೇ ಗುರುತಾಗುತ್ತವೆ. ಮಳೆಗಾಲವಾದರೆ ಗುಂಡಿಗೆ ಬಂದ ನೀರನ್ನು ಮೊಗೆದು ಹಾಕಿ, ಮರುದಿನ ಎಷ್ಟು ಏರಿದೆ ಎಂದು ಅಳೆಯಿರಿ. ಶೌಚದ ಇಂಗುಗುಂಡಿಯ ಜಾಗವೂ ಆಗಲೇ ನಿಶ್ಚಯವಾಗಲಿ. ಕುಡಿಯುವ ನೀರಿನ ಬಾವಿಯಿಂದ ಅದು ಕನಿಷ್ಠ 18 ಮೀಟರ್ ದೂರವಿರಬೇಕು. ತೂತು ಹೆಚ್ಚಿರುವ ಜಂಬಿಟ್ಟಿಗೆಯಲ್ಲಿ ಇನ್ನಷ್ಟು ದೂರವಿದ್ದರೆ ಒಳ್ಳೆಯದು.

ನೋಡುವುದು ಮಳೆಯಲ್ಲಾದರೂ ಪಾಯ ಅಗೆಯುವುದು ನೀರು ಕೆಳಗಿಳಿದ ಮೇಲೆ, ಫೆಬ್ರವರಿಯ ಹೊತ್ತಿಗೆ. ನೀರು ನಿಂತ ಗುಂಡಿಗೆ ಕಾಂಕ್ರೀಟ್ ಸುರಿದರೆ ಸಿಮೆಂಟ್ ತೊಳೆದುಹೋಗುತ್ತದೆ. ಪ್ಲಿಂತ್ ಮೇಲೆ ತೇವ ತಡೆಯುವ ಪದರ ತಪ್ಪಿಸಿದರೆ ಗೋಡೆ ನೀರು ಹೀರಿ ಸುಣ್ಣ ಉದುರುತ್ತದೆ.

ಮಳೆಗಾಲದವರೆಗೆ ಕಾಯಲಾಗದವರು ಬೇಸಿಗೆಯಲ್ಲೇ ಪಕ್ಕದ ಮನೆಯವರ ಬಾವಿಗೆ ಒಮ್ಮೆ ಬಗ್ಗಿ ನೋಡಲಿ. ನೀರು ತಳದಲ್ಲಿದ್ದರೂ ಒಳಗೋಡೆಯ ಕಲ್ಲಿನ ಮೇಲೆ ಒಣಗಿದ ಪಾಚಿಯ ಗೆರೆ ಇರುತ್ತದೆ. ಕಳೆದ ಆಶ್ಲೇಷದಲ್ಲಿ ನೀರು ಎಲ್ಲಿಗೆ ಬಂದಿತ್ತು ಎಂಬುದಕ್ಕೆ ಅದೇ ಗುರುತು. ಆ ಗೆರೆ ನೆಲದಿಂದ ಎಷ್ಟು ಅಡಿ ಕೆಳಗಿದೆ ಎಂದು ಟೇಪು ಹಿಡಿದು ಅಳೆದು, ಆ ಅಂಕಿಯನ್ನು ಎಂಜಿನಿಯರ್ ಕೈಗೆ ಕೊಡಿ.