ಲೋಡರ್ ಕೊಳ್ಳುವ ಮುನ್ನ ನೆಲ ನೋಡಿ



ಕೊಟ್ಟಿಗೆಯ ಗೊಬ್ಬರ ತೆಗೆಯುವುದು, ಕೃಷಿ ಹೊಂಡದ ಹೂಳು ಎತ್ತುವುದು, ಬದುವಿಗೆ ಮಣ್ಣು ಹೊರುವುದು. ಆಳು ಸಿಗದ ಈ ಕಾಲದಲ್ಲಿ ಇವೆಲ್ಲ ಕಷ್ಟದ ಕೆಲಸ. ಇದಕ್ಕೆ ಒದಗುವ ಸಣ್ಣ ಯಂತ್ರವೇ ಸ್ಕಿಡ್ ಸ್ಟಿಯರ್ ಲೋಡರ್. ಎರಡು ತೋಳು, ಮುಂದೆ ಬಕೆಟ್ಟು, ನಡುವೆ ಒಬ್ಬರು ಕೂರುವಷ್ಟು ಜಾಗ. ಒಂದು ಪಕ್ಕದ ಗಾಲಿ ಮುಂದಕ್ಕೆ, ಇನ್ನೊಂದು ಪಕ್ಕದ್ದು ಹಿಂದಕ್ಕೆ ಓಡಿದರೆ ನಿಂತಲ್ಲೇ ತಿರುಗುತ್ತದೆ. ಇದು ಹುಟ್ಟಿದ್ದೂ ರೈತನಿಗಾಗಿಯೇ. 1957ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಸಿರಿಲ್ ಮತ್ತು ಲೂಯಿ ಕೆಲ್ಲರ್ ಎಂಬ ಅಣ್ಣತಮ್ಮಂದಿರು, ಟರ್ಕಿ ಕೋಳಿ ಸಾಕುವ ರೈತರೊಬ್ಬರ ಗೊಬ್ಬರ ತೆಗೆಯಲು ಇದರ ಮೊದಲ ರೂಪವನ್ನು ಕಟ್ಟಿಕೊಟ್ಟರು.

ಈಗ ಇದು ಎರಡು ಬಗೆಯಲ್ಲಿ ಬರುತ್ತದೆ: ಗಾಲಿಯದು, ರಬ್ಬರ್ ಪಟ್ಟಾದ್ದು. "ಯಾವುದು ಒಳ್ಳೇದು ಸ್ವಾಮಿ?" ಅಂತೀರಾ? ನಿಮ್ಮ ನೆಲವನ್ನೇ ಕೇಳಿ.

ಒಂದು ಸಣ್ಣ ಲೆಕ್ಕ ಹಾಕೋಣ. ಪಟ್ಟಾ ಯಂತ್ರದ ತೂಕ 4,000 ಕಿಲೋ ಎನ್ನಿ. ಒಂದೊಂದು ಪಟ್ಟಾ 40 ಸೆಂಟಿಮೀಟರ್ ಅಗಲ, 150 ಸೆಂಟಿಮೀಟರ್ ಉದ್ದ ನೆಲಕ್ಕೆ ತಾಗುತ್ತದೆ. ಎರಡೂ ಸೇರಿ 12,000 ಚದರ ಸೆಂಟಿಮೀಟರ್. ಅಂದರೆ ಒಂದು ಚದರ ಸೆಂಟಿಮೀಟರಿಗೆ ಕಿಲೋದ ಸುಮಾರು ಮೂರನೇ ಒಂದು ಭಾಗದಷ್ಟು ಭಾರ. ಹೆಚ್ಚು ಕಡಿಮೆ ನೀವು ಒಂಟಿ ಕಾಲಲ್ಲಿ ನಿಂತಷ್ಟೇ! ಗಾಲಿಯ ಯಂತ್ರ ಇದಕ್ಕಿಂತ ಹಗುರ ಇದ್ದರೂ, ಅದರ ಭಾರವೆಲ್ಲ ನಾಲ್ಕು ಅಂಗೈ ಜಾಗದ ಮೇಲೆ ಬೀಳುವುದರಿಂದ ಒತ್ತಡ ಹಲವು ಪಟ್ಟು.

ಆದ್ದರಿಂದ ಎರೆ ಭೂಮಿ, ಕೆಸರು, ಹೊಸದಾಗಿ ಹಾಕಿದ ಮಣ್ಣು, ಇಳಿಜಾರು ಇದ್ದಲ್ಲಿ ಪಟ್ಟಾ ಮೇಲು. ಆದರೆ ಪಟ್ಟಾ ಇದೆಯೆಂದು ಕಾಲಿಗೆ ಮಣ್ಣು ಅಂಟುವ ದಿನ ಹೊಲಕ್ಕೆ ಇಳಿಸಬೇಡಿ. ಹಸಿ ನೆಲ ಗಟ್ಟಿಯಾದರೆ ಬೇರು ಇಳಿಯದು. ಸಿಮೆಂಟಿನ ನೆಲ, ಟಾರು ರಸ್ತೆ, ಕಲ್ಲು ನೆಲದ ಕೆಲಸವೇ ಹೆಚ್ಚಾದರೆ ಗಾಲಿಯೇ ಸಾಕು. ಅಲ್ಲಿ ರಬ್ಬರ್ ಪಟ್ಟಾ ಬೇಗ ಸವೆಯುತ್ತದೆ, ಹೊಸ ಪಟ್ಟಾ ಹಾಕಿಸುವ ಖರ್ಚು ಟಯರಿಗಿಂತ ಬಹಳ ಹೆಚ್ಚು.

ಇನ್ನು ಎತ್ತುವ ಶಕ್ತಿ. ಎಷ್ಟು ಭಾರಕ್ಕೆ ಯಂತ್ರ ಮುಗ್ಗರಿಸುತ್ತದೋ, ಗಾಲಿಯ ಯಂತ್ರ ಅದರ ಅರ್ಧ ಹೊರಬಹುದು; ಪಟ್ಟಾದ್ದಕ್ಕೆ ಸಾಮಾನ್ಯವಾಗಿ ನೂರಕ್ಕೆ 35 ಭಾಗ. 2,000 ಕಿಲೋಗೆ ಮುಗ್ಗರಿಸುವ ಪಟ್ಟಾ ಯಂತ್ರಕ್ಕೆ 700 ಕಿಲೋ ಹೊರೆ. 400 ಲೀಟರು ಹಿಡಿಯುವ ಬಕೆಟ್ಟಿನ ತುಂಬ ಹಸಿ ಮಣ್ಣು ತುಂಬಿದರೆ ಅಷ್ಟಾಗಿಬಿಡುತ್ತದೆ. ಕೊಳ್ಳುವಾಗ ಎರಡು ಅಂಕಿಯನ್ನೂ ಕೇಳಿ ಬರೆಸಿಕೊಳ್ಳಿ. ಮಾರುವವರು ಕುದುರೆಶಕ್ತಿಯೊಂದನ್ನೇ ಹೇಳಿದರೆ ಒಪ್ಪಬೇಡಿ.

ಕೊಂಡ ಮೇಲೆ ಆರೈಕೆಯೂ ಬೇಕು. ಪಟ್ಟಾ ಸಡಿಲವಾದರೆ ಕಳಚುತ್ತದೆ, ಬಿಗಿಯಾದರೆ ಸವೆಯುತ್ತದೆ. ಸಂಜೆಯೇ ಮಣ್ಣು ಕೆರೆದು ತೊಳೆಯಿರಿ. ಒಣಗಿದ ಎರೆ ಮಣ್ಣು ಕಲ್ಲಿನಂತೆ. ನಿಂತಲ್ಲೇ ತಿರುಗಿಸುವುದನ್ನು ಬಿಟ್ಟು ಅಗಲವಾಗಿ ತಿರುಗಿಸಿ.

ಎಲ್ಲಕ್ಕಿಂತ ಮುಖ್ಯ ಜೀವ. ಹೊರೆಯನ್ನು ನೆಲಕ್ಕೆ ಹತ್ತಿರವೇ ಇಟ್ಟು ಸಾಗಿಸಿ. ಖಾಲಿ ಬಕೆಟ್ಟಿದ್ದಾಗ ಯಂತ್ರದ ಹಿಂಭಾಗ ಭಾರ. ದಿಬ್ಬವನ್ನು ಹಿಂದುಹಿಂದಾಗಿ ಹತ್ತಿಸಿ. ತುಂಬಿದ್ದಾಗ ಮುಂದಾಗಿ. ಎತ್ತಿದ ತೋಳಿನ ಕೆಳಗೆ, ಆಧಾರದ ಕಬ್ಬಿಣ ಕೊಡದೆ, ಯಾರೂ ತಲೆ ಹಾಕಕೂಡದು. ಮಕ್ಕಳನ್ನಂತೂ ಹತ್ತಿರ ಸೇರಿಸಲೇಬೇಡಿ ತಾಯಂದಿರೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸಾಲಕ್ಕೂ ಸಲ್ಲುತ್ತದೆ. ವರ್ಷಕ್ಕೆ ಎಷ್ಟು ಗಂಟೆ ಕೆಲಸವಿದೆ, ಯಾವ ನೆಲದಲ್ಲಿ, ಎಂದು ಮನೆಮಂದಿಯೆಲ್ಲ ಕೂತು ಬರೆದುಕೊಳ್ಳಿ. ಕಡಿಮೆ ಇದ್ದರೆ ಬಾಡಿಗೆಗೆ ತನ್ನಿ, ಇಲ್ಲವೆ ನಾಲ್ಕು ಮನೆಯವರು ಕೂಡಿ ಕೊಳ್ಳಿ. ಹೊಲ ಮಾರಿ ಯಂತ್ರ ತಂದರೆ ಅದು ಉಳುವುದಾದರೂ ಎಲ್ಲಿ, ಹೇಳಿ?